ಅಮ್ಮ ಕುಡಿಯದ ಆಸ್ರಿ

ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಒಂದು ನೀರಿನ ಬಾಟಲಿ ಇದೆ. ಒಂದೂವರೆ ಲೀಟರಿನದ್ದು, ತಿಳಿ ನೇರಳೆ ಬಣ್ಣ. ಅದರ ಮೈಮೇಲೆ ಉದ್ದಕ್ಕೂ ಗೆರೆ ಎಳೆದು ಪ್ರತಿ ಗೆರೆಯ ಪಕ್ಕ ಹೊತ್ತು ಬರೆದಿದ್ದಾರೆ. ಏಳು ಗಂಟೆಗೆ ಇಲ್ಲಿಯ ತನಕ ಕುಡಿಯಬೇಕು, ಒಂಬತ್ತಕ್ಕೆ ಇಲ್ಲಿಯ ತನಕ, ಹನ್ನೊಂದಕ್ಕೆ ಇಲ್ಲಿಯ ತನಕ. ಬರೀ ಹೊತ್ತು ಬರೆದು ಸುಮ್ಮನಾಗಿದ್ದರೆ ಅಡ್ಡಿ ಇರಲಿಲ್ಲ, ನಡುನಡುವೆ ಇಂಗ್ಲಿಷಿನಲ್ಲಿ ಬೆನ್ನು ತಟ್ಟುವ ಮಾತುಗಳೂ ಇವೆ. ಅರ್ಧ ಬಾಟಲಿ ಮುಗಿಸಿದವರಿಗೆ ಶಭಾಸ್, ಪೂರ್ತಿ ಮುಗಿಸಿದವರಿಗೆ ನೀವು ಗೆದ್ದಿರಿ ಅಂತ. ನೀರು ಕುಡಿದದ್ದಕ್ಕೆ ಶಭಾಸ್ ಹೇಳಿಸಿಕೊಳ್ಳುವ ಕಾಲ ಬರುತ್ತದೆ ಎಂದು ನಾನಂತೂ ಎಣಿಸಿರಲಿಲ್ಲ.

ಇದನ್ನು ತರಿಸಿದವಳು ನನ್ನ ಮಗಳು ಅಕ್ಷತಾ, ಅವಳ ಅಜ್ಜಿಗಾಗಿ. ಅಂದರೆ ನನ್ನ ಅಮ್ಮನಿಗಾಗಿ. ಅಮ್ಮನಿಗೆ ಈಗ ಎಪ್ಪತ್ತೆರಡು. ಕುಂದಾಪುರದಲ್ಲಿ ನಮ್ಮೊಟ್ಟಿಗೇ ಇದ್ದಾಳೆ. ಒಂದೇ ವರ್ಷದಲ್ಲಿ ಎರಡು ಸಲ ಮೂತ್ರದ ಸೋಂಕು, ಚಳಿಜ್ವರ ಎಂದು ಆಸ್ಪತ್ರೆ ಸೇರಿದವಳು. ಬಾಟಲಿಯನ್ನು ಕೈಗೆ ಕೊಟ್ಟಾಗ ಅಮ್ಮ ಅದನ್ನು ಒಂದು ಸುತ್ತು ತಿರುಗಿಸಿ ನೋಡಿದಳು.

"ಇದೆಂತ ಬರ್ದದ್ದ್ ಹೆಣೆ?"

"ಎಷ್ಟ್ ಗಂಟಿಗ್ ಎಷ್ಟ್ ನೀರ್ ಕುಡಿಕ್ ಅಂದ್ಕಂಡ್ ಬರ್ದದ್ ಅಜ್ಜಿ."

"ನಂಗ್ ಆಸ್ರ್ ಆದ್ದ್ ಈ ಬಾಟ್ಲಿಗ್ ಹ್ಯಾಂಗ್ ಗೊತ್ತಾತ್ತ್?"

ಅಕ್ಷತಾ ನನ್ನ ಮುಖ ನೋಡಿದಳು, ಯಾಕೆಂದರೆ ನಮ್ಮ ಮನೆಯಲ್ಲಿ ಇಂಥ ಪ್ರಶ್ನೆಗಳ ಖಾತೆ ನನ್ನದು. ಇಪ್ಪತ್ತಾರು ವರ್ಷದಿಂದ ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೇನೆ. ಜೀರ್ಣಾಂಗವ್ಯೂಹದ ಬಣ್ಣದ ಚಿತ್ರಪಟ ಗೋಡೆಗೆ ನೇತುಹಾಕಿ, ಕೋಲಿನಿಂದ ಅನ್ನನಾಳ ತೋರಿಸಿ, ಜಠರ ತೋರಿಸಿ, ಕರುಳಿನ ಸುರುಳಿಯಲ್ಲಿ ಮಕ್ಕಳನ್ನು ಸುತ್ತಾಡಿಸಿ, ಕೊನೆಗೆ ಮೂತ್ರಪಿಂಡಕ್ಕೆ ಬಂದು ಮುಗಿಸುವ ಪಾಠ ನನಗೆ ಬಾಯಿಪಾಠ. ಹಿಂದಿನ ಬೆಂಚಿನವರು ಕಿಸಕಿಸ ನಗುವುದು ಎಲ್ಲಿ ಎಂಬುದೂ ಗೊತ್ತು. ನೀರು ಕಡಿಮೆಯಾದರೆ ಮೂತ್ರಪಿಂಡಕ್ಕೆ ಏನಾಗುತ್ತದೆ ಎಂದು ಊರಿನ ಅರ್ಧ ಮಕ್ಕಳಿಗೆ ಹೇಳಿಕೊಟ್ಟವಳು ನಾನೇ. ಮನೆಯಲ್ಲಿ ಮಾತ್ರ ಒಂದು ಲೋಟ ನೀರನ್ನು ಒಬ್ಬಳು ಮುದುಕಿಯ ಗಂಟಲಿನಿಂದ ಕೆಳಗಿಳಿಸಲು ನನ್ನಿಂದ ಆಗುತ್ತಿರಲಿಲ್ಲ.

ಇದು ನಡೆಯುವುದು ಯಾವ ಊರಲ್ಲಿ ನೋಡಿ! ಬ್ರಹ್ಮಾವರದಿಂದ ಬೈಂದೂರಿನವರೆಗೆ ನೀವು ಯಾರ ಮನೆಯ ಮೆಟ್ಟಿಲು ಹತ್ತಿದರೂ ಮೊದಲು ಬರುವ ಪ್ರಶ್ನೆ, "ಆಸ್ರಿಗ್ ಎಂತ ಕೊಡ್ಲಿ?" ಆಸರು ಅಂದರೆ ಬಾಯಾರಿಕೆ, ಅದಕ್ಕೆ ಕೊಡುವುದು ಆಸ್ರಿ. ನೀವು ಯಾರು, ಯಾಕೆ ಬಂದಿರಿ, ಎಷ್ಟು ಹೊತ್ತು ಇರುತ್ತೀರಿ, ಇದೆಲ್ಲ ಆಮೇಲೆ. ನನ್ನ ಸಣ್ಣಂದಿನಲ್ಲಿ ಒಂದು ತುಂಡು ಬೆಲ್ಲ, ಒಂದು ಚೊಂಬು ನೀರು ಬರುತ್ತಿತ್ತು. ಬಿಸಿಲಲ್ಲಿ ನಡೆದು ಬಂದವರು ಬೆಲ್ಲ ಕಚ್ಚಿ ನೀರು ಕುಡಿದು ಸೆರಗಿನಿಂದ ಮುಖ ಒರಸಿಕೊಂಡರೆಂದರೆ ಅರ್ಧ ದಣಿವು ಅಲ್ಲೇ ಇಳಿಯುತ್ತಿತ್ತು. ಇದ್ದವರ ಮನೆಯಲ್ಲಿ ಶುಂಠಿ ಜಜ್ಜಿ ಹಾಕಿದ ಮಜ್ಜಿಗೆ, ಹೆಸರುಕಾಳು ಅರೆದು ಬೆಲ್ಲ ಕದಡಿದ ಪಾನಕ, ಬೇಸಿಗೆಯಲ್ಲಿ ಪುನರ್ಪುಳಿ ಶರಬತ್ತು. ತೋಟದವರಾದರೆ ಒಂದು ಎಳನೀರಿನ ಬೊಂಡ ಕೆತ್ತಿ ಕೊಡುತ್ತಿದ್ದರು. ಈಗ ಫ್ರಿಜ್ಜು ಬಂದಿದೆ. ಹೋದ ವಾರ ಯಾರೋ ನೆಂಟರು ಬಂದಾಗ ಒಡೆದ ಕಿತ್ತಳೆ ಬಣ್ಣದ ಸೋಡಾ, ಗ್ಯಾಸೆಲ್ಲ ಹೋಗಿ ಬರೀ ಸಕ್ಕರೆ ನೀರಾದದ್ದು, ಲೋಟದಲ್ಲಿ ಬರುತ್ತದೆ. ಏನೇ ಬರಲಿ, ಬೇಡ ಅನ್ನುವ ಹಾಗಿಲ್ಲ. ಬೇಡ ಅಂದರೆ ಅವರ ಮುಖ ಸಣ್ಣದಾಗುತ್ತದೆ. ನಾನು ಬೇಡ ಅಂದದ್ದೂ ಇಲ್ಲ ಅನ್ನಿ.

ನನ್ನ ಹೊಟ್ಟೆಯ ಕತೆಯನ್ನು ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಾನು ಬಹಳ ಶಿಸ್ತಿನವಳು ಎಂದು ನೀವು ತಿಳಿಯುವ ಅಪಾಯವಿದೆ. ಸ್ಟಾಫ್ ರೂಮಿನಲ್ಲಿ ಮೂರು ಚಾ, ಮನೆಯಲ್ಲಿ ಮೂರು, ಯಾರಾದರೂ ಬಂದರೆ ಅವರ ನೆಪದಲ್ಲಿ ಇನ್ನೊಂದು. ಅದರ ಮೇಲೆ ಹುಳಿತೇಗು, ಎದೆಯುರಿ. ಅದಕ್ಕೆ ಜೀರಿಗೆ ಕಷಾಯ. ಕಷಾಯ ಕುಡಿದ ಬಾಯಿ ಕಹಿ ಎಂದು ಮತ್ತೆ ಚಾ. ಚಾ ಕುಡಿದಷ್ಟೂ ಬಾಯಿ ಒಣಗುತ್ತದೆ, ಬಾಯಿ ಒಣಗಿದಷ್ಟೂ ಚಾ ಬೇಕಾಗುತ್ತದೆ. ಒಮ್ಮೆ ಬೇಸಿಗೆ ರಜೆಯಲ್ಲಿ ಎರಡು ದಿನ ಹೊಟ್ಟೆ ಕೆಟ್ಟು ಮಲಗಿದಾಗ ನಮ್ಮೆಜಮಾನರು ಮೆಡಿಕಲಿನಿಂದ ಉಪ್ಪು ಸಕ್ಕರೆಯ ಪುಡಿಯ ಪೊಟ್ಟಣ ತಂದು ನೀರಿಗೆ ಕದಡಿ ಕೊಟ್ಟರು. ಅಮ್ಮ ಆ ಲೋಟದಿಂದ ಒಂದು ಹನಿ ನಾಲಿಗೆಗೆ ಮುಟ್ಟಿಸಿ, "ಗಂಜಿ ತೆಳಿಗ್ ಉಪ್ಪ್ ಹಾಕಿ ಕುಡ್ದ್ರೆ ಸಾಕಿತ್ತ್. ಇದನ್ನೂ ಕಟ್ಟ್ ಕಟ್ಟಿ ಮಾರುಕ್ ಸುರು ಮಾಡ್ರಾ?" ಅಂದಳು. ಮಧ್ಯಾಹ್ನ ಅವಳೇ ಗಂಜಿ ತೆಳಿ ಕೊಟ್ಟಳು. ಸಂಜೆಗೆ ನಾನು ಎದ್ದು ಕೂತೆ. ಪುಡಿಯೇ ಗುಣ ಮಾಡಿತು ಎಂದು ಎಜಮಾನರು ಇವತ್ತಿಗೂ ವಾದಿಸುತ್ತಾರೆ.

ಗಂಜಿ ತೆಳಿ ಎಂದರೆ ಕುಚ್ಚಲಕ್ಕಿ ಬೆಂದ ಮೇಲೆ ಅನ್ನದ ಮೇಲೆ ನಿಲ್ಲುವ ತಿಳಿಗೆಂಪು ನೀರು. ನನ್ನ ನೆನಪಿನ ಅಮ್ಮ ಹೊಟ್ಟೆ ತುಂಬ ಕುಡಿಯುವುದು ಅದೊಂದನ್ನೇ, ಅದೂ ದಿನಕ್ಕೆ ಒಂದೇ ಸಲ.

ಆಗ ನಮ್ಮ ಮನೆ ಹಂಗಾರಕಟ್ಟೆಯಲ್ಲಿ. ಅಪ್ಪ ಬೋಟಿಗೆ ಹೋಗುತ್ತಿದ್ದ, ಅಮ್ಮ ಮೀನು ಮಾರುತ್ತಿದ್ದಳು. ಬೆಳಿಗ್ಗೆ ಎದ್ದು ಎರಡು ಗುಟುಕು ಹಾಲಿಲ್ಲದ ಕಣ್ಣ ಚಾ ಕುಡಿದು ಬೋಟು ನಿಲ್ಲುವ ದಕ್ಕೆಗೆ ಹೋದರೆ, ಬಂಗುಡೆಯೋ ನಂಗು ಮೀನೋ ಸಿಕ್ಕಿದ್ದನ್ನು ಬುಟ್ಟಿಗೆ ತುಂಬಿಸಿಕೊಂಡು ಬ್ರಹ್ಮಾವರದ ಬಸ್ಸು ಹತ್ತುತ್ತಿದ್ದಳು. ಕಂಡಕ್ಟರು ನೀರು ಸೋರುತ್ತದೆ ಎಂದು ಬೈಯುವುದು, ಅಮ್ಮ ತಿರುಗಿ ಬೈಯುವುದು, ಹಬ್ಬದ ಮುಂಚೆ ಅವನೇ ಬಂದು ಒಳ್ಳೆಯ ಮೀನು ಇಡು ಎನ್ನುವುದು, ಇದೆಲ್ಲ ಮಾಮೂಲು. ಪೇಟೆಯಲ್ಲಿ ಇಳಿದು ಅಲ್ಲಿಂದ ಮನೆಮನೆ. ಗದ್ದೆಯ ಅಂಚು, ತೋಡು ದಾಟುವ ಮರದ ಸಂಕ, ಮಣ್ಣಿನ ದಾರಿ. ತಲೆಯ ಮೇಲೆ ಭಾರ, ಕಾಲಿನ ಕೆಳಗೆ ಕಾದ ನೆಲ. ಮನೆಗೆ ಬರುವಾಗ ಮೂರು ಗಂಟೆ. ಅಷ್ಟರವರೆಗೆ ಒಂದು ಹನಿ ನೀರಿಲ್ಲ.

ಬಂದವಳು ಬುಟ್ಟಿಯನ್ನು ಬಾವಿಕಟ್ಟೆಯಲ್ಲಿಟ್ಟು, ಬಚ್ಚಲಿಗೆ ಹೋಗಿ, ಕೈಕಾಲು ತೊಳೆದು ಒಳಗೆ ಬರುತ್ತಿದ್ದಳು. ಬೆಳಗಿನ ಶಾಲೆ ಮುಗಿಸಿ ಬಂದ ನಾನು ಅಷ್ಟರಲ್ಲಿ ದೊಡ್ಡ ಚೊಂಬಿನಲ್ಲಿ ಗಂಜಿ ತೆಳಿ ತುಂಬಿಸಿ, ಉಪ್ಪು ಹಾಕಿ ಕದಡಿ ಇಟ್ಟಿರಬೇಕಿತ್ತು. ಅವಳು ಕೂರುತ್ತಿರಲಿಲ್ಲ. ನಿಂತುಕೊಂಡೇ ಚೊಂಬು ಎತ್ತಿ ಗಟಗಟ ಕುಡಿಯುತ್ತಿದ್ದಳು. ಮೊದಲಿನ ಚೊಂಬಿಗೆ ಕಣ್ಣು ಮುಚ್ಚಿರುತ್ತಿತ್ತು, ಎರಡನೆಯದಕ್ಕೆ ಕಣ್ಣು ಬಿಡುತ್ತಿದ್ದಳು, ಮೂರನೆಯದರ ನಡುವೆ ನನ್ನ ಹತ್ತಿರ ಮಾತಾಡುತ್ತಿದ್ದಳು. ಶಾಲೆಯಿಂದ ಬಂದು ಹೇಳಲಿಕ್ಕೆ ನನಗೆ ಏನೇ ಇರಲಿ, ಆ ಮೂರನೆಯ ಚೊಂಬಿನವರೆಗೆ ಕಾಯಬೇಕಿತ್ತು. ಆಮೇಲೆ ಗಂಜಿ, ಸುಟ್ಟ ಒಣಮೀನಿನ ಚಟ್ನಿ, ಒಂದು ಉಪ್ಪಿನ ಮಾವಿನಮಿಡಿ. ಇಡೀ ದಿನ ಒಣಗಿದ ಮೈಗೆ ಅಷ್ಟು ಉಪ್ಪು ಹೋದರೆ ಏನಾಗುತ್ತದೆ ಎಂದು ಈಗ ಕೇಳಿದರೆ ಬೋರ್ಡಿನ ಮೇಲೆ ಬರೆದು ವಿವರಿಸಬಲ್ಲೆ. ಆಗ ನನಗೆ ಗೊತ್ತಿದ್ದದ್ದು ಇಷ್ಟೇ, ನಮ್ಮಮ್ಮನಿಗೆ ಬೇರೆಯವರ ಹಾಗೆ ಬಾಯಾರಿಕೆ ಆಗುವುದಿಲ್ಲ. ಗೆಳತಿಯರ ಹತ್ತಿರ ಇದನ್ನು ಜಂಬದಿಂದ ಹೇಳಿಕೊಂಡದ್ದೂ ಉಂಟು.

ಅವಳಿಗೆ ಆಸ್ರಿ ಕೊಡುವವರು ಇಲ್ಲದೆ ಇರಲಿಲ್ಲ. ರಜೆಯಲ್ಲಿ ಅವಳೊಟ್ಟಿಗೆ ಹೋದಾಗ ಕಂಡಿದ್ದೇನೆ. ಮೀನು ಆರಿಸಿ, ಚೌಕಾಸಿ ಮಾಡಿ, ಕೊನೆಗೆ ಪ್ರತಿ ಮನೆಯವರೂ ಕೇಳುವವರೇ, "ಬಾಗೀ, ಆಸ್ರಿಗ್ ಎಂತ ಕೊಡ್ಲಿ?" ಅಮ್ಮನ ಹೆಸರು ಭಾಗೀರಥಿ, ಗಿರಾಕಿಗಳ ಬಾಯಲ್ಲಿ ಬಾಗಿ. ಅಮ್ಮನದ್ದು ಒಂದೇ ಉತ್ತರ, "ಈಗ ಬ್ಯಾಡ ಅಮ್ಮ, ಈಗಷ್ಟೇ ಕುಡ್ದದ್ದ್." ನನಗೆ ಕೊಟ್ಟದ್ದನ್ನು ನಾನು ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಿದ್ದೆ. ಒಂದಿಬ್ಬರು, ಮೀನು ಮಾರುವವಳಿಗೆ ಎಷ್ಟು ದೊಡ್ಡಸ್ತಿಕೆ ನೋಡಿ ಎಂದದ್ದು ನನ್ನ ಕಿವಿಗೇ ಬಿದ್ದಿತ್ತು. ದೊಡ್ಡಸ್ತಿಕೆಯೇ ಇರಬೇಕು ಎಂದು ನಾನೂ ತಿಳಿದಿದ್ದೆ.

ವ್ಯಾಪಾರ ಬಿಟ್ಟು ಹತ್ತು ವರ್ಷವಾಯಿತು. ಈಗ ಬಾವಿ ಬೇಡ, ಚೊಂಬು ಬೇಡ, ಬೆರಳು ಒತ್ತಿದರೆ ಯಂತ್ರದಿಂದ ಶುದ್ಧ ನೀರು ಬರುತ್ತದೆ. ಆದರೂ ಅಮ್ಮ ಬೆಳಿಗ್ಗೆಯಿಂದ ಮೂರು ಗಂಟೆಯವರೆಗೆ ಕುಡಿಯುವುದಿಲ್ಲ. ಎರಡನೆಯ ಸಲ ಆಸ್ಪತ್ರೆ ಸೇರಿದಾಗ ಡಾಕ್ಟರು ನನ್ನನ್ನು ಹೊರಗೆ ಕರೆದು, "ಟೀಚರೇ, ಇನ್ನೊಮ್ಮೆ ಹೀಗಾದರೆ ಕಿಡ್ನಿಗೆ ಪೆಟ್ಟಾಗುತ್ತದೆ. ಔಷಧ ನಾನು ಕೊಡಬಹುದು, ನೀರು ನೀವೇ ಕುಡಿಸಬೇಕು," ಎಂದರು. ಅವರು ನನ್ನ ಹಳೆಯ ವಿದ್ಯಾರ್ಥಿ. ಅದೇ ಚಿತ್ರಪಟದ ಮುಂದೆ ಕೂತವರು. ನನಗೆ ಹೆದರಿಕೆಯಾಯಿತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು.

ಅವತ್ತಿನಿಂದ ಶುರುವಾಯಿತು ನನ್ನ ದಂಡಯಾತ್ರೆ. ಬರೀ ನೀರು ಸಪ್ಪೆ ಎಂದಳು, ಜೀರಿಗೆ ಕುದಿಸಿ ಕೊಟ್ಟೆ. ಜೀರಿಗೆ ಉಷ್ಣ ಎಂದಳು, ಕೊತ್ತಂಬರಿ ಕುದಿಸಿದೆ. ಅದು ಜ್ವರದವರಿಗೆ ಎಂದಳು. ಬೊಂಡ ತಂದರೆ ಶೀತ, ಮಜ್ಜಿಗೆ ಕೊಟ್ಟರೆ ಕಫ, ಬಾರ್ಲಿ ನೀರು ಬಟ್ಟೆಗೆ ಹಾಕುವ ಗಂಜಿಯ ಹಾಗೆ. ಕಲ್ಲಂಗಡಿ ಹಣ್ಣಿನಲ್ಲಿ ನೀರಿದೆ, ಅದಾದರೂ ತಿನ್ನಲಿ ಎಂದು ಹೋಳು ಮಾಡಿಟ್ಟೆ. ಎರಡು ಹೋಳು ತಿಂದು ಬೀಜ ಒಣಗಿಸಲು ಹೊರಟಳು. ಒಣಮೀನು ಕಡಿಮೆ ಮಾಡು ಎಂದದ್ದಕ್ಕೆ ಮುಖ ಊದಿಸಿಕೊಂಡು ಒಂದು ಹೊತ್ತು ಊಟ ಬಿಟ್ಟಳು. ಆಗ ಬಂದದ್ದು ಆ ಗೆರೆಯ ಬಾಟಲಿ. ಒಂದು ವಾರ ನಮಗೆಲ್ಲ ಬಹಳ ಸಂತೋಷ. ಶಾಲೆಯಿಂದ ಬಂದು ನೋಡಿದರೆ ನೀರು ಕೊನೆಯ ಗೆರೆಗಿಂತ ಕೆಳಗೆ. ನಾನು ಗೆದ್ದೆ ಎಂದೇ ತಿಳಿದೆ. ಆಮೇಲೆ ನೋಡುತ್ತೇನೆ, ಹಿತ್ತಿಲ ಬಾಗಿಲ ಪಕ್ಕ ವರ್ಷಗಟ್ಟಲೆ ಬಡಕಲಾಗಿ ನಿಂತಿದ್ದ ಕರಿಬೇವಿನ ಗಿಡ ಕಡುಬೇಸಿಗೆಯಲ್ಲಿ ಚಿಗುರಿ ನಿಂತಿದೆ!

"ಅಮ್ಮ, ಗಿಡಕ್ಕ್ ಎಷ್ಟ್ ಗಂಟಿಗ್ ನೀರ್ ಹಾಕ್ತೆ?" ಎಂದು ಕೇಳಿದೆ.

"ಬಾಟ್ಲಿಯಗೆ ಬರ್ದಿತ್ತಲೆ, ಅಷ್ಟ್ ಗಂಟಿಗೇ," ಅಂದಳು. ಸುಳ್ಳು ಹೇಳುವ ಜಾಯಮಾನ ಅವಳದ್ದಲ್ಲ.

ನಾನು ಕೂಗಾಡಿದೆ. ನಿನಗೆ ಏನಾದರೂ ಆದರೆ ನೋಡಿಕೊಳ್ಳುವವಳು ನಾನು, ಮನೆಯಲ್ಲಿ ಮದುವೆ ಇದೆ, ಮೊಮ್ಮಗಳ ಮದುವೆಯ ದಿನ ಆಸ್ಪತ್ರೆಯಲ್ಲಿ ಮಲಗುತ್ತೀಯಾ ಎಂದೆಲ್ಲ ಅಂದುಬಿಟ್ಟೆ. ಅಮ್ಮ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ಅವಳನ್ನು ಬೈದ ದಿನ ನನಗೆ ರಾತ್ರಿಯ ಊಟ ಸೇರುವುದಿಲ್ಲ. ಅವತ್ತೂ ಸೇರಲಿಲ್ಲ.

ಅಕ್ಷತಾಳ ಮದುವೆ ನಿಕ್ಕಿಯಾಗಿತ್ತು. ನಮ್ಮ ಕಡೆ ಮದುವೆಗೆ ಕರೆಯುವುದನ್ನು ಹೇಳಿಕೆ ಅನ್ನುತ್ತೇವೆ. ಹೇಳಿಕೆಗೆ ಮನೆಯವರೇ ಹೋಗಬೇಕು. ವಾಟ್ಸಾಪಿನಲ್ಲಿ ಮದುವೆಯ ಕಾಗದದ ಫೋಟೋ ಕಳಿಸಿದರೆ ಅದು ಬರಬೇಡಿ ಎಂದು ಹೇಳಿದ ಲೆಕ್ಕ. ತ್ರಾಸಿ, ಬೈಂದೂರು ಕಡೆ ಇರುವ ಎಜಮಾನರ ನೆಂಟರ ಮನೆಗಳನ್ನು ನಾವಿಬ್ಬರೇ ಎರಡು ಭಾನುವಾರ ಮುಗಿಸಿದೆವು. ಮೂರನೆಯ ಭಾನುವಾರ ಬ್ರಹ್ಮಾವರದ ಕಡೆ ಹೊರಟಾಗ ಅಮ್ಮ ಸೀರೆ ಉಟ್ಟು ತಯಾರಾಗಿ ಕಾರಿನ ಹತ್ತಿರ ನಿಂತಿದ್ದಳು.

"ನನ್ ಗಿರಾಕಿ ಮನಿಗೆಲ್ಲ ನಾನೇ ಹೇಳ್ಕಂಡ್ ಬತ್ತೆ. ಅವ್ರ್ ಮೀನ್ ತಕಂಡದ್ದಕ್ಕೇ ಅಲ್ದಾ ನೀ ಟೀಚರ್ ಆದ್ದ್?"

ಹಾಗೆ ಎಜಮಾನರು ಕಾರು ಬಿಡುವುದು, ಅಮ್ಮ ಹಿಂದಿನ ಸೀಟಿನಿಂದ ದಾರಿ ಹೇಳುವುದು, ನಾನು ಕಾಗದದ ಕಟ್ಟು ಹಿಡಿದುಕೊಳ್ಳುವುದು ಎಂದಾಯಿತು. ಹತ್ತು ವರ್ಷದಲ್ಲಿ ಗದ್ದೆ ಹೋಗಿ ಲೇಔಟು ಬಂದಿದೆ, ಮಣ್ಣಿನ ದಾರಿಗೆ ಕಾಂಕ್ರೀಟು ಬಿದ್ದಿದೆ. ಅಮ್ಮನಿಗೆ ಮಾತ್ರ ಒಂದು ತಿರುವೂ ತಪ್ಪಲಿಲ್ಲ.

ಮೊದಲಿನ ಮನೆಯಲ್ಲಿ ಮಜ್ಜಿಗೆ. ಅಮ್ಮ ಲೋಟ ಹಿಡಿದುಕೊಂಡಳು, ತುಟಿಗೆ ಮುಟ್ಟಿಸಿದ ಹಾಗೆ ಮಾಡಿದಳು, ಮನೆಯವರು ಕಾಗದ ಓದಲು ತಲೆ ತಗ್ಗಿಸಿದ್ದೇ ತಡ ತುಂಬಿದ ಲೋಟವನ್ನು ನನ್ನ ಕೈಗೆ ದಾಟಿಸಿ ನನ್ನ ಖಾಲಿ ಲೋಟ ತಾನು ಹಿಡಿದಳು. ಮೂವತ್ತು ಮಂದಿ ಮಕ್ಕಳ ಕಾಪಿ ಹಿಡಿದವಳು ನಾನು, ಇಷ್ಟು ಚುರುಕಾದ ಕೈ ಕಂಡಿರಲಿಲ್ಲ. ಕುಡಿಯದೆ ಬಿಟ್ಟರೆ ಆ ಮನೆಯವರಿಗೆ ಬೇಸರ, ಅವಳನ್ನು ಬೈದರೆ ಅವಳ ಮರ್ಯಾದೆ ಹೋಗುತ್ತದೆ. ಕುಡಿದೆ. ಎರಡನೆಯ ಮನೆಯಲ್ಲಿ ಪುನರ್ಪುಳಿ ಶರಬತ್ತು, ಎರಡು ಲೋಟ. ಮೂರನೆಯದರಲ್ಲಿ ಕಾಫಿ, ಎರಡು. ನಾಲ್ಕನೆಯವರು ಮಧ್ಯಾಹ್ನದ ಪಾಯಸ ಉಳಿದಿದೆ ಎಂದರು. ಐದನೆಯದರಲ್ಲಿ ಆ ಕಿತ್ತಳೆ ಬಣ್ಣದ್ದು. ಎಜಮಾನರು ಬುದ್ಧಿವಂತರು, ಸಕ್ಕರೆ ಕಾಯಿಲೆ ಎಂದು ಕೈಮುಗಿದು ಅರ್ಧ ಲೋಟ ನೀರಿನಲ್ಲಿ ಪಾರಾದರು. ಮಜ್ಜಿಗೆಯ ಮೇಲೆ ಹುಳಿ, ಹುಳಿಯ ಮೇಲೆ ಕಾಫಿ, ಕಾಫಿಯ ಮೇಲೆ ಹಾಲುಪಾಯಸ, ಅದರ ಮೇಲೆ ಬಣ್ಣದ ಸೋಡಾ. ಚಿತ್ರಪಟದಲ್ಲಿ ಜಠರವನ್ನು ಗುಲಾಬಿ ಬಣ್ಣದಲ್ಲಿ ಎಷ್ಟು ಪ್ರಶಾಂತವಾಗಿ ಬರೆದಿರುತ್ತಾರೆ! ನನ್ನದು ಒಳಗಿನಿಂದ ಗುಡುಗುತ್ತಿತ್ತು. ಅದಕ್ಕಿಂತ ಅವಸರದ್ದು ಇನ್ನೊಂದಿತ್ತು, ಹತ್ತು ಲೋಟ ಕುಡಿದವಳಿಗೆ ಆಗಲೇಬೇಕಾದದ್ದು.

ಆರನೆಯದು ಪದ್ದಮ್ಮನ ಮನೆ. ದೊಡ್ಡ ಬೇಸಾಯದ ಮನೆ, ಅಮ್ಮನ ಎಲ್ಲರಿಗಿಂತ ಹಳೆಯ ಗಿರಾಕಿ. ಕಾರಿನಿಂದ ಇಳಿಯುತ್ತಾ ನಾನು ಅಮ್ಮನ ಕಿವಿಯಲ್ಲಿ, "ಒಳ್ಗ್ ಹೋದ್ ಕೂಡ್ಲೆ ನಾ ಬಚ್ಚಲ್ ಎಲ್ಲಿತ್ತ್ ಕೇಂತೆ. ಇನ್ನ್ ಆತಿಲ್ಲೆ," ಎಂದೆ.

ಅಮ್ಮ ಅಂಗಳದ ನಡುವೆಯೇ ನಿಂತುಬಿಟ್ಟಳು. ನನ್ನ ಮೊಣಕೈ ಗಟ್ಟಿಯಾಗಿ ಹಿಡಿದಳು.

"ಗಿರಾಕಿ ಮನಿಯಗೆ ಬಚ್ಚಲ್ ಕೇಂಬುದಾ? ಮರ್ಯಾದಿ ಬ್ಯಾಡ್ದಾ? ತಡ್ಕೊ."

"ಹ್ಯಾಂಗ್ ತಡ್ಕಂಬುದ್ ಅಮ್ಮ? ನಿನ್ ಪಾಲಿಂದೂ ನಾನೇ ಕುಡ್ದದ್ದಲ್ದಾ?"

"ನಾ ನಲ್ವತ್ತ್ ವರ್ಷ ತಡ್ಕಣ್ಲಿಲ್ಯಾ? ಕುಡ್ದ್ರೆ ಅಲ್ದಾ ಹೋಪುದ್? ಕುಡುದೇ ಬ್ಯಾಡ ಅಂದ್ಕಂಡ್ ಬಿಟ್ಟೆ. ಮೈಗ್ ಅದೇ ರೂಢಿ ಆಯ್ತ್."

ಬಹಳ ಸಲೀಸಾಗಿ ಹೇಳಿದಳು. ಚಪ್ಪಲಿ ಎಲ್ಲಿ ಬಿಡಬೇಕು ಎಂದು ಹೇಳುವಷ್ಟೇ ಸಲೀಸು. ನಾನು ಅಂಗಳದಲ್ಲೇ ನಿಂತು ಲೆಕ್ಕ ಹಾಕಿದೆ. ಬೆಳಿಗ್ಗೆ ದಕ್ಕೆಯಿಂದ ಮೂರು ಗಂಟೆಯವರೆಗೆ ಪೇಟೆ, ಬಸ್ಸು, ಗದ್ದೆ, ಯಾರದ್ದೋ ಅಂಗಳ. ಇಷ್ಟರಲ್ಲಿ ಒಬ್ಬಳು ಹೆಂಗಸು ಎಲ್ಲಿಗೆ ಹೋಗಬೇಕು? ಇದನ್ನು ನಾನು ಒಂದು ಸಲವೂ ಯೋಚಿಸಿರಲಿಲ್ಲ.

"ಒಂದ್ ದಿನವೂ ಎಲ್ಲೂ ಹೋಯ್ಲಿಲ್ಯಾ?" ಎಂದು ಕೇಳಿದೆ.

"ನೀ ಹೊಟ್ಟಿಯಗ್ ಇಪ್ಪೊತ್ತಿಗ್ ಒಂದ್ ಸಲ ಗೇರ್ ಮರದ್ ಹಾಡಿಯೊಳ್ಗ್ ಹೋದೆ. ಬುಟ್ಟಿ ಇಳ್ಸುಕಿಲ್ಲೆ, ಆ ಕಡಿಂದ ಯಾರೋ ಬೊಬ್ಬಿ ಹಾಕ್ರ್, ಗೇರ್ಬೀಜ ಕದುಕ್ ಬಂದದ್ದಾ ಅಂದ್ಕಂಡ್."

"ನೀ ಎಂತ ಹೇಳ್ದೆ?"

"ಎಂತ ಹೇಳುದ್? ತಪ್ಪಾಯ್ತ್ ಅಂದೆ. ಬುಟ್ಟಿ ಹೊತ್ಕಂಡ್ ಬಂದೆ. ಕಳ್ಳಿ ಅಂದ್ರೆ ಅಡ್ಡಿಲ್ಲೆ, ಬಂದದ್ ಎಂತಕ್ಕ್ ಅಂದ್ಕಂಡ್ ಹೇಳುಕ್ ಆತಿತ್ತಾ?"

ಹೀಗೆ ಹೇಳಿ ಅಮ್ಮ ಸೆರಗು ಸರಿಮಾಡಿಕೊಂಡು ಮೆಟ್ಟಿಲು ಹತ್ತಿದಳು. ನಾನು ಹಿಂದೆ ಹೋದೆ.

ಪದ್ದಮ್ಮನಿಗೆ ಎಂಬತ್ತರ ಹತ್ತಿರ. ಮೊಣಕಾಲು ಸೋತಿದೆ, ನಾಲಿಗೆ ಸೋತಿಲ್ಲ. "ಹ್ವಾಯ್, ಯಾರ್ ಬಂದದ್ ಕಾಣಿ! ಬಾಗಿ ಅಲ್ದಾ! ಬಾ, ಮೇಲ್ ಬಾ, ಕೂಕೋ," ಎಂದು ಚಾವಡಿಯ ಕುರ್ಚಿ ತೋರಿಸಿದರು. ಅಮ್ಮ ಕುರ್ಚಿಯ ತುದಿಯಲ್ಲಿ ಕೂತಳು. ಮದುವೆಯ ಸುದ್ದಿ ಕೇಳಿ ಪದ್ದಮ್ಮನಿಗೆ ಖುಷಿಯೋ ಖುಷಿ. ಹುಡುಗ ಯಾರು, ಎಲ್ಲಿಯವನು, ಊಟಕ್ಕೆ ಮೀನು ಉಂಟೋ ಇಲ್ಲವೋ ಎಲ್ಲ ವಿಚಾರಿಸಿದರು. ಆಮೇಲೆ ಬಂತು ಆ ಪ್ರಶ್ನೆ.

"ಆಸ್ರಿಗ್ ಎಂತ ಕೊಡ್ಲಿ?"

"ಎಂತದೂ ಬ್ಯಾಡ ಅಮ್ಮ, ಈಗಷ್ಟೇ ಕುಡ್ದದ್ದ್," ಅಂದಳು ಅಮ್ಮ.

ಪದ್ದಮ್ಮನ ಮುಖ ಬಾಡಿತು. "ಕಾಣ್ ಬಾಗಿ, ಇವತ್ತ್ ಕೇಂಡೇ ಬಿಡ್ತೆ. ನಲ್ವತ್ತ್ ವರ್ಷ ನಮ್ಮನಿಗ್ ಮೀನ್ ತಂದೆ. ಒಂದ್ ಗುಟ್ಕ್ ನೀರ್ ಕುಡ್ದದ್ ನಾ ಕಾಣ್ಲಿಲ್ಲೆ. ನಮ್ಮನಿ ನೀರ್ ನಿಂಗ್ ಆತಿಲ್ಯಾ? ನನ್ನಿಂದ ಎಂತ ತಪ್ಪಾಯ್ತ್?" ಅಷ್ಟು ವರ್ಷ ಈ ಮಾತನ್ನು ಅವರು ಹೊಟ್ಟೆಯೊಳಗೇ ಇಟ್ಟುಕೊಂಡಿದ್ದರು.

ಅಮ್ಮ ನೆಲ ನೋಡುತ್ತಾ ಕೂತಳು. ನನಗೆ ತಡೆಯಲಾಗಲಿಲ್ಲ, ಎರಡೂ ಅರ್ಥದಲ್ಲಿ ಎಂದು ಬೇಕಾದರೆ ನಗಿ. "ಪದ್ದಮ್ಮ, ನಂಗ್ ಒಮ್ಮೆ ಬಚ್ಚಲಿಗ್ ಹೋಯ್ಕ್. ಅಮ್ಮಂಗೂ ಹೋಯ್ಕ್. ಅವ್ಳ್ ಅಷ್ಟ್ ವರ್ಷ ನಿಮ್ಮನಿಯಗೆ ಕುಡಿಯದ್ದ್ ಅದ್ಕೇ. ಕುಡ್ದ್ರೆ ಹೋಪುದ್ ಎಲ್ಲಿಗ್ ಅಂದ್ಕಂಡ್," ಎಂದುಬಿಟ್ಟೆ.

ಅಮ್ಮನ ಮುಖ ಕೆಂಪಗಾಯಿತು. ನನ್ನನ್ನು ಆ ಕ್ಷಣದಲ್ಲಿ ತಿಂದುಹಾಕುತ್ತಿದ್ದಳೇನೋ. ಪದ್ದಮ್ಮ ಹಿತ್ತಿಲ ಕಡೆಗೆ ಒಮ್ಮೆ ನೋಡಿದರು.

"ನೀ ಬುಟ್ಟಿ ಇಳ್ಸು ತೆಂಗಿನ್ ಮರದಿಂದ ಹತ್ತ್ ಹೆಜ್ಜಿ ಇಲ್ಲೆ ಕಾಣ್ ಬಚ್ಚಲ್," ಅಂದರು ಮೆಲ್ಲಗೆ. "ಒಂದ್ ಮಾತ್ ಕೇಂಬುಕಾಗ್ದಾ ಬಾಗಿ?"

"ನೀವ್ ಹೇಳ್ಲಿಲ್ಲೆ ಅಮ್ಮ. ನಾ ಕೇಣ್ಲಿಲ್ಲೆ."

ಅಮ್ಮನ ದನಿಯಲ್ಲಿ ದೂರು ಇರಲಿಲ್ಲ. ಪದ್ದಮ್ಮ ಗೋಡೆ ಹಿಡಿದು ಎದ್ದರು. ಸೊಸೆ ಓಡಿ ಬಂದರೆ ಬೇಡ ಎಂದು ಕೈಯಾಡಿಸಿದರು. ಅಮ್ಮನ ಕೈ ಹಿಡಿದು, "ಬಾ, ನಾ ತೋರ್ಸ್ತೆ. ಮೊದ್ಲ್ ಹೋಯ್ ಬಾ, ಕಡಿಕ್ ಆಸ್ರಿ," ಎಂದು ಎಳೆದುಕೊಂಡೇ ಹೊರಟರು. ಇಬ್ಬರು ಮುದು ಹೆಂಗಸರು, ಒಬ್ಬರ ಮೊಣಕಾಲನ್ನು ಇನ್ನೊಬ್ಬರು ಕಾಯುತ್ತಾ ನಡುಕೋಣೆ ದಾಟಿ ಹಿತ್ತಿಲಿಗೆ ಇಳಿದರು. ಅವಸರ ನಿಜವಾಗಿ ಯಾರಿಗಿತ್ತು ಎಂಬುದು ಅವರಿಬ್ಬರಿಗೂ ಮರೆತುಹೋಗಿತ್ತು. ನಾನು ಕಂಬ ಹಿಡಿದು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ ಸರದಿಗೆ ಕಾದೆ.

ನಾನು ತಿರುಗಿ ಬರುವಾಗ ಅಮ್ಮ ಕುರ್ಚಿಗೆ ಬೆನ್ನು ಕೊಟ್ಟು ಕೂತಿದ್ದಳು, ಕೈಯಲ್ಲಿ ತುಂಬಿದ ನೀರಿನ ಲೋಟ. ಶರಬತ್ತು ಬೇಡ, ಬಾವಿಯ ನೀರು ಸಾಕು ಎಂದಿದ್ದಳಂತೆ. ಕುಡಿದಳು. ಕಣ್ಣು ಮುಚ್ಚಿ ಕುಡಿದಳು. ಪದ್ದಮ್ಮ ಎದುರು ಕೂತು ಒಂದೊಂದು ಗುಟುಕನ್ನೂ ನೋಡುತ್ತಿದ್ದರು. ನನಗೆ ಬಹಳ ಸಮಾಧಾನವಾಯಿತು, ಅಷ್ಟೇ ಹೊಟ್ಟೆ ಉರಿಯಿತು. ಜೀರಿಗೆ ಕುದಿಸಿದೆ, ಗೆರೆ ಎಣಿಸಿದೆ, ಗಿಡ ಕಾದೆ, ಬೈದೆ. ಯಾಕೆ ಕುಡಿಯುವುದಿಲ್ಲ ಅಮ್ಮ ಎಂದು ಒಂದು ಸಲ ಅವಳ ಪಕ್ಕ ಕೂತು ಕೇಳಿದ್ದರೆ ಸಾಕಿತ್ತು.

ಇನ್ನೂ ಒಂದು ಮನೆ ಬಾಕಿ ಇತ್ತು. ಅದು ಅಮ್ಮನ ಹಳೆಯ ಗಿರಾಕಿಯದ್ದೇ, ಆದರೆ ಆ ಹಿರಿಯ ಹೆಂಗಸು ತೀರಿಕೊಂಡು ಈಗ ಅವರ ಮೊಮ್ಮಗನ ಹೆಂಡತಿ ಮನೆ ನಡೆಸುತ್ತಾಳೆ. ಅಮ್ಮನಿಗೆ ಅವಳ ಪರಿಚಯವಿಲ್ಲ, ಅವಳಿಗೆ ಅಮ್ಮನ ಪರಿಚಯವಿಲ್ಲ. ಬಾಗಿಲು ತೆರೆದ ಹುಡುಗಿ ನಮ್ಮ ಕೈಯಲ್ಲಿನ ಕಾಗದ ನೋಡಿ ನಗುತ್ತಾ, "ಬನ್ನಿ ಬನ್ನಿ, ಆಸ್ರಿಗ್ ಎಂತ ಕೊಡ್ಲಿ?" ಎಂದಳು.

ನಾನು ಬೇಡ ಎನ್ನಲು ಬಾಯಿ ತೆರೆಯುವ ಮೊದಲೇ ಅಮ್ಮ ಮುಂದೆ ಬಂದಳು. ಗದ್ದೆಯ ಆಚೆ ದಡಕ್ಕೆ ಕೇಳುವ ಹಾಗೆ ಮೀನು ಕೂಗಿ ಮಾರಿದ ಗಂಟಲು. ಅವತ್ತು ಮಾತ್ರ ಬಹಳ ಸಣ್ಣ ದನಿಯಲ್ಲಿ ಬಂತು, ಪರೀಕ್ಷೆಗೆ ಎದ್ದು ನಿಂತ ಹುಡುಗಿಯ ಹಾಗೆ.

"ಬಚ್ಚಲ್ ಎಲ್ಲಿತ್ತ್ ಮಗಾ?"

"ಇಲ್ಲೇ ಅಜ್ಜಿ, ಬನ್ನಿ," ಎಂದಳು ಆ ಹುಡುಗಿ. ಅಷ್ಟೇ. ಆಕಾಶ ಬೀಳಲಿಲ್ಲ, ಯಾರೂ ಬೊಬ್ಬೆ ಹಾಕಲಿಲ್ಲ. ಅಮ್ಮ ನನ್ನ ಕಡೆ ತಿರುಗಿ, ಇಷ್ಟೇಯಾ ಎನ್ನುವ ಹಾಗೆ ಒಮ್ಮೆ ನೋಡಿ ಒಳಗೆ ನಡೆದಳು. ನಾನು ಆ ಅಪರಿಚಿತರ ಚಾವಡಿಯಲ್ಲಿ, ಮದುವೆಯ ಕಾಗದ ಹಿಡಿದುಕೊಂಡು, ಅತ್ತುಬಿಟ್ಟೆ.